ಹೆಸರು ಹೇಳಿ ಕೇಳುವ ಪ್ರಶ್ನೆ

ವಿಧಾನಸಭೆಗೆ ಸ್ಪರ್ಧಿಸುವ ಪ್ರತಿಯೊಬ್ಬರೂ ನಾಮಪತ್ರದ ಜೊತೆಗೆ ನಮೂನೆ 26ರಲ್ಲಿ ಒಂದು ಪ್ರಮಾಣಪತ್ರ ಸಲ್ಲಿಸಬೇಕು. ಹೊಲ ಎಷ್ಟು ಎಕರೆ, ಮನೆಯಲ್ಲಿ ಬಂಗಾರ ಎಷ್ಟು, ಬ್ಯಾಂಕಿನ ಸಾಲ ಎಷ್ಟು, ಮೈಮೇಲೆ ಕೇಸು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ, ಚಹಾದಂಗಡಿಯಲ್ಲಿ ಅದೇ ಮಾತು. ಅಭ್ಯರ್ಥಿಯ ಪೂರ್ವಾಪರ ತಿಳಿಯುವ ಹಕ್ಕು ಮತದಾರನಿಗಿದೆ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ ಮೇಲೆ ಬಂದ ಪದ್ಧತಿ ಇದು. ಅದೇ ಕಾಗದದಲ್ಲಿ ಇನ್ನೊಂದು ಸಾಲೂ ಇದೆ. ಅಭ್ಯರ್ಥಿ ತನ್ನ ದೂರವಾಣಿ ಸಂಖ್ಯೆ, ಇದ್ದರೆ ಇಮೇಲ್ ವಿಳಾಸ, ಸಾಮಾಜಿಕ ಜಾಲತಾಣದ ಖಾತೆ ಇವನ್ನೂ ಪ್ರಮಾಣ ಮಾಡಿ ಬರೆಯಬೇಕು. ಚುನಾವಣಾಧಿಕಾರಿಯ ಕಚೇರಿಯ ಫಲಕದಲ್ಲಿ ಈ ಪ್ರಮಾಣಪತ್ರ ಅಂಟಿಸಿರುತ್ತಾರೆ, ಆಯೋಗದ ಜಾಲತಾಣದಲ್ಲೂ ಹಾಕಿರುತ್ತಾರೆ. ಬಂಗಾರದ ತೂಕ ನೋಡಿದವರ ಕಣ್ಣು ಈ ಸಾಲಿನ ಮೇಲೆ ನಿಲ್ಲುವುದು ಅಪರೂಪ.

ನನಗೆ ಮಾತ್ರ ಇಡೀ ಪ್ರಮಾಣಪತ್ರದಲ್ಲಿ ಬಹಳ ಮುಖ್ಯವೆನಿಸುವುದು ಆ ಸಾಲೇ. ಉಳಿದದ್ದೆಲ್ಲ ಆತ ಏನನ್ನು ಹೊಂದಿದ್ದಾನೆ ಎಂದು ಹೇಳುತ್ತದೆ. ಆ ಸಾಲು, ನಿಮ್ಮ ಪರವಾಗಿ ಮಾತಾಡಲು ಹೊರಟವನ ಜೊತೆ ಮೊದಲು ನೀವು ಮಾತಾಡಬಹುದು ಎಂದು ಹೇಳುತ್ತದೆ. ಕಾನೂನು ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೂ ನಾವು ಫೋನು ಮಾಡುವುದಿಲ್ಲ, ಕಚೇರಿಯ ಮೆಟ್ಟಿಲು ಹತ್ತಿ ಕೇಳುವುದಿಲ್ಲ. ಏಕೆ ಎಂದು ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯ ಓಣಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸುತ್ತಿದ್ದೇನೆ.

2023ರ ವಿಧಾನಸಭಾ ಚುನಾವಣೆಗೆ ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 24. ಮತದಾನ ಮೇ 10. ನಡುವೆ ಎರಡು ವಾರ, ಅದೂ ಸುಡುಬಿಸಿಲಿನಲ್ಲಿ. ಇಷ್ಟರೊಳಗೆ ಅಭ್ಯರ್ಥಿಯಾದವರು ಕ್ಷೇತ್ರದ ಎಲ್ಲ ಊರು, ಎಲ್ಲ ವಾರ್ಡು ಮುಟ್ಟಬೇಕು. ಹಾಗಾಗಿ ಅವರು ಬಂದದ್ದಕ್ಕಿಂತ ಬಂದುಹೋದದ್ದೇ ಗೊತ್ತಾಗುತ್ತದೆ. ಮುಂಜಾನೆ ಆಟೋದ ಧ್ವನಿವರ್ಧಕ, ಮಧ್ಯಾಹ್ನ ಮೊಬೈಲಿನಲ್ಲಿ ಮುದ್ರಿತ ಧ್ವನಿ, ಸಂಜೆ ಮನೆಬಾಗಿಲಲ್ಲಿ ಮುಗಿದ ಕೈ. ಮೂರೂ ಕಡೆ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಮುದ್ರಿತ ಧ್ವನಿಗೆ ಎದುರು ಪ್ರಶ್ನೆ ಹಾಕಲು ಬರುವುದಿಲ್ಲ.

ಮನೆಬಾಗಿಲಿಗೆ ಬಂದಾಗ ಹಾಕಬಹುದಲ್ಲ? ಬೆಟಗೇರಿಯ ನೇಕಾರ ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುವ ತಾಯಿಯೊಬ್ಬಳನ್ನು ನೆನೆದುಕೊಳ್ಳಿ. ಒಳಗೆ ಮಗ್ಗದ ಸದ್ದು. ಹೊರಗೆ ಇಪ್ಪತ್ತು ಮೂವತ್ತು ಮಂದಿ, ನಡುವೆ ಹಾರ ಹಾಕಿಕೊಂಡ ಅಭ್ಯರ್ಥಿ. ಆಕೆ ರಾಟೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ‘ನಳದ ನೀರ ಯಾವಾಗ ಬರತೈತಿ ಅಂತ ಗೊತ್ತಾಗವಲ್ದು ನೋಡ್ರಿ ಸಾಹೇಬ್ರ, ಬಂದ ದಿನಾ ದುಡಿಮಿ ಬಿಟ್ಟ ಕುಂದ್ರಬೇಕು’ ಎನ್ನುತ್ತಾಳೆ. ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಪಕ್ಕದ ಹಿಂಬಾಲಕ, ‘ಸಾಹೇಬ್ರಿಗೆ ಎಲ್ಲಾ ಗೊತ್ತೈತಿ ಬೇ ಯವ್ವಾ, ಈ ಸಲ ಮಾಡೇ ಮಾಡ್ತಾರ’ ಎಂದುಬಿಡುತ್ತಾನೆ. ಸಾಹೇಬರು ನಕ್ಕು ಕೈಮುಗಿದು ಮುಂದಿನ ಮನೆಗೆ ನಡೆಯುತ್ತಾರೆ. ಪ್ರಶ್ನೆ ಒಬ್ಬರಿಗೆ ಹಾಕಿದ್ದು, ಉತ್ತರ ಕೊಟ್ಟದ್ದು ಇನ್ನೊಬ್ಬ. ಆ ಉತ್ತರಕ್ಕೆ ಹೊಣೆ ಯಾರೂ ಇಲ್ಲ. ಅಭ್ಯರ್ಥಿ ಹೇಳಲಿಲ್ಲ, ಹೇಳಿದವನು ಅಭ್ಯರ್ಥಿಯಲ್ಲ. ನಮ್ಮ ರಾಜಕಾರಣದ ಬಹುಪಾಲು ಭರವಸೆಗಳು ಹುಟ್ಟುವುದು ಈ ಸಂದಿಯಲ್ಲೇ.

ಇನ್ನು ಪ್ರಚಾರ ಕಚೇರಿ. ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿದ ಮಳಿಗೆ, ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಭಾಗವಾರು ಮತದಾರರ ಪಟ್ಟಿ. ನಾಲ್ಕು ಗಂಟೆಗೆ ಗಿರ್ಮಿಟ್ ಮತ್ತು ಬದನೆಕಾಯಿ ಬಜಿ, ಅದರ ಬೆನ್ನಿಗೆ ಚಹಾ. ಈ ಕಚೇರಿಗೂ ಆಯೋಗದ ನಿಯಮಗಳಿವೆ. ಒತ್ತುವರಿ ಜಾಗದಲ್ಲಿರಕೂಡದು, ಗುಡಿ, ಮಸೀದಿಯ ಆವರಣದಲ್ಲಿರಕೂಡದು, ಮತಗಟ್ಟೆಯಿಂದ ಇನ್ನೂರು ಮೀಟರಿನ ಒಳಗಿರಕೂಡದು. ಕುಡಿದ ಚಹಾ, ಬಾಡಿಗೆ ಕುರ್ಚಿ ಎಲ್ಲಕ್ಕೂ ಜಿಲ್ಲಾಡಳಿತ ನಿಗದಿಪಡಿಸಿದ ದರವಿದ್ದು, ಅಷ್ಟೂ ಅಭ್ಯರ್ಥಿಯ 40 ಲಕ್ಷ ರೂಪಾಯಿ ವೆಚ್ಚದ ಮಿತಿಯೊಳಗೆ ಬರಬೇಕು. ಕಾಗದದ ಮೇಲೆ ನೋಡಿದರೆ ಇದು ಸಾರ್ವಜನಿಕ ಸ್ಥಳ. ಒಳಗೆ ಹೋಗಿ ನೋಡಿದರೆ ಅಲ್ಲಿ ಕೂತವರೆಲ್ಲ ಆ ಕಡೆಯವರೇ. ಹೆಣ್ಣುಮಕ್ಕಳು ರ‍್ಯಾಲಿಯ ದಿನ ಬಿಟ್ಟರೆ ವಿರಳ. ಕೇರಿಯ ಹುಡುಗರು ಬಂದರೂ ಧ್ವಜ ಕಟ್ಟುವ ಕೆಲಸಕ್ಕೆ ಬರುತ್ತಾರೆ, ಕುರ್ಚಿಗೆ ಕಡಿಮೆ. ಗೊತ್ತಿಲ್ಲದವರು ಬಾಗಿಲಲ್ಲಿ ನಿಂತರೆ ಕೇಳುವ ಮೊದಲ ಮಾತು, ‘ಯಾವ ವಾರ್ಡಿನವ್ರು? ಯಾರ ಪೈಕಿ?’

ಇಲ್ಲಿಗೆ ಬಂದು ಕೇಳುವವರು ಇಲ್ಲವೆಂದಲ್ಲ, ಬಹಳ ಮಂದಿ ಇದ್ದಾರೆ. ಮಗನಿಗೆ ಕೆಲಸ, ಆಸ್ಪತ್ರೆಯ ಬಿಲ್ಲು, ನಿಂತುಹೋದ ಪಿಂಚಣಿ, ಗುಡಿಯ ಮೇಲ್ಛಾವಣಿ. ಇವು ಹುಸಿ ಬೇಡಿಕೆಗಳಲ್ಲ. ಕಷ್ಟದಲ್ಲಿರುವವನಿಗೆ ಆಸ್ಪತ್ರೆಯ ಬಿಲ್ಲಿಗಿಂತ ದೊಡ್ಡ ರಾಜ್ಯನೀತಿ ಇಲ್ಲ. ಆದರೆ ಹಾಗೆ ಕೇಳುವಾಗ ಕೇಳುವವನು ಒಂದು ಮೆಟ್ಟಿಲು ಕೆಳಗೆ ನಿಂತಿರುತ್ತಾನೆ, ಕೊಡುವವನ ಋಣಕ್ಕೆ ಬೀಳುತ್ತಾನೆ. ಬೆಟಗೇರಿಗೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುವಿರಿ, ಊರಿಗೆ ನೀರು ಕೊಡುವ ಹಮ್ಮಿಗಿ ಬ್ಯಾರೇಜಿನಲ್ಲಿ ನೀರು ನಿಂತಿದ್ದಾಗಲೂ ಇಲ್ಲಿಯ ನಳ ಒಣಗಿರುವುದು ಏಕೆ ಎಂದು ಕೇಳುವವನಿಗೆ ಆ ಋಣವಿಲ್ಲ, ಉತ್ತರ ಬಂದರೆ ಅದು ಇಡೀ ಊರಿನದು. ಮೊದಲ ಬಗೆಯ ಕೇಳಿಕೆಗೆ ನಮಗೆ ಅಭ್ಯಾಸವಿದೆ, ಅದಕ್ಕೆ ಬೇಕಾದ ವಿನಯದ ಮಾತುಗಳೂ ಗೊತ್ತು. ಎರಡನೆಯದಕ್ಕೆ ಬೇಕಾದ ದನಿ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಆ ದನಿ ನಮ್ಮ ಸೀಮೆಗೆ ಗೊತ್ತೇ ಇಲ್ಲವೆಂದರೆ ನಾನು ಒಪ್ಪುವುದಿಲ್ಲ. ಗದಗಿನ ಮಗ್ಗುಲಿಗೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸ ಅದನ್ನು ಮೊದಲ ಹೆಜ್ಜೆಯೆಂದು ಗುರುತಿಸುತ್ತದೆ. ಹುಲಕೋಟಿಯ ಕೆ.ಎಚ್. ಪಾಟೀಲರ ಕಾಲಕ್ಕೆ ಸಹಕಾರವೇ ಈ ಭಾಗದ ರಾಜಕಾರಣದ ಬೇರಾಯಿತು. ಇಂದಿಗೂ ಯಾವುದೇ ಊರಿನ ಸೊಸೈಟಿಯ ಸರ್ವಸಾಧಾರಣ ಸಭೆಗೆ ಹೋಗಿ ನೋಡಿ. ಮೂರೆಕರೆಯ ರೈತ ಎದ್ದುನಿಂತು, ‘ಹೋದ ವರ್ಷ ಗೊಬ್ಬರದಾಗ ಲುಕ್ಸಾನ ಅಂತ ತೋರಿಸೀರಿ, ಯಾಕ ಆತು ಹೇಳ್ರಿ’ ಎಂದು ಅಧ್ಯಕ್ಷನ ಮುಖಕ್ಕೇ ಕೇಳುತ್ತಾನೆ. ಅಧ್ಯಕ್ಷ ಅವನಿಗಿಂತ ಸಿರಿವಂತ, ಊರ ಗೌಡ, ದೂರದಿಂದ ನೆಂಟನೂ ಇರಬಹುದು. ಆದರೂ ಕೇಳುತ್ತಾನೆ. ಅವನ ಷೇರು ಅಲ್ಲಿದೆ ಎಂಬುದೇ ಧೈರ್ಯ. ಅದೇ ರೈತ ವಿಧಾನಸಭೆಯ ಅಭ್ಯರ್ಥಿ ಎದುರಾದಾಗ ಟೊಪ್ಪಿಗೆ ತೆಗೆದು ಸುಮ್ಮನೆ ನಗುತ್ತಾನೆ. ರಾಜ್ಯದ ಬೊಕ್ಕಸದಲ್ಲಿ ತನ್ನ ಪಾಲೂ ಇದೆ ಎಂಬುದಕ್ಕೆ ಅವನ ಕೈಯಲ್ಲಿ ರಸೀದಿ ಇಲ್ಲ. ಕಡ್ಡಿಪೆಟ್ಟಿಗೆ, ಸೋಪು, ಗೊಬ್ಬರ ಕೊಂಡಾಗಲೆಲ್ಲ ಕೊಟ್ಟ ತೆರಿಗೆ ಯಾವ ಪಾಸ್‌ಬುಕ್ಕಿನಲ್ಲೂ ಬರೆದಿರುವುದಿಲ್ಲ.

2023ರಲ್ಲಿ ಕಾಂಗ್ರೆಸ್ ಪಕ್ಷ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಅವರ ಸಹಿಯಿದ್ದ ಗ್ಯಾರಂಟಿ ಕಾರ್ಡುಗಳನ್ನು ಮನೆಮನೆಗೆ ಹಂಚಿತು. ಕಾರ್ಡಿನಲ್ಲಿದ್ದ ಯೋಜನೆಗಳ ಒಳಿತು ಕೆಡುಕು ಬೇರೆ ವಿಚಾರ. ನನ್ನ ಗಮನ ಆ ಕಾಗದದ ಮೇಲೆ. ಚುನಾವಣೆ ಮುಗಿದ ಮೇಲೆ ಹೆಣ್ಣುಮಕ್ಕಳು, ‘ಗೃಹಲಕ್ಷ್ಮಿ ರೊಕ್ಕ ಈ ತಿಂಗಳ ಯಾಕ ಬಂದಿಲ್ಲ?’ ಎಂದು ಅಳುಕಿಲ್ಲದೆ ಕೇಳತೊಡಗಿದರು. ಬೇಡುವ ದನಿ ಅಲ್ಲಿರಲಿಲ್ಲ. ಸಹಿ ಹಾಕಿದ ಮಾತು ಕೈಯಲ್ಲಿದ್ದರೆ ಮನುಷ್ಯ ನಿಲ್ಲುವ ರೀತಿಯೇ ಬದಲಾಗುತ್ತದೆ. ಸಹಿ ಹಾಕಿಸಿಕೊಳ್ಳಲು ಪಕ್ಷದ ಮುದ್ರಣಾಲಯಕ್ಕೇ ಕಾಯಬೇಕೇ? ಓಣಿಯ ಹತ್ತು ಮಂದಿ ತಮ್ಮ ಮೂರು ಪ್ರಶ್ನೆ ಬರೆದು ಎಲ್ಲ ಅಭ್ಯರ್ಥಿಗಳ ಕಚೇರಿಗೂ ಒಯ್ದು, ಉತ್ತರವನ್ನು ಬರಹದಲ್ಲಿ ಕೊಡಿ ಎಂದು ಕೇಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಅಡ್ಡಿ ಇರುವುದು ಬೇರೆ ಕಡೆ. ಮತಕ್ಕೆ ಹೆಸರಿಲ್ಲ, ಪ್ರಶ್ನೆಗೆ ಹೆಸರಿದೆ. ಮತಯಂತ್ರದ ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ಚೀಟಿ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಯಾರು ಒತ್ತಿದರೆಂದು ಯಾರಿಗೂ ತಿಳಿಯದು. ಆದರೆ ಕಚೇರಿಯ ಬಾಗಿಲಲ್ಲಿ ನಿಂತವನನ್ನು ಇಡೀ ಬಜಾರು ನೋಡುತ್ತದೆ. ಬೆಟಗೇರಿಯಂಥ ಊರಿನಲ್ಲಿ, ಬೆಳಿಗ್ಗೆ ಆ ಪಕ್ಷದ ಕಚೇರಿಗೆ ಹೋದವನು ಸಂಜೆಯೊಳಗೆ ‘ಅವರ ಕಡೆ ಮನುಷ್ಯ’ ಆಗಿಬಿಡುತ್ತಾನೆ. ನೂಲು ಕೊಡುವ ಮಾಲೀಕ, ಸಾಲ ಕೊಟ್ಟ ಸಂಘ, ಬಾಡಿಗೆ ಮನೆಯ ಯಜಮಾನ, ಪ್ರತಿಯೊಬ್ಬರಿಗೂ ಒಂದೊಂದು ಪಕ್ಷ. ಕೂಲಿ ಮಗ್ಗದ ನೇಕಾರನಿಗೆ ಸುಮ್ಮನಿರುವುದು ಹೇಡಿತನವಲ್ಲ, ಲೆಕ್ಕಾಚಾರ. ಇದನ್ನು ಅರಿಯದೆ ‘ಜನ ಪ್ರಶ್ನೆ ಕೇಳಬೇಕು’ ಎಂದು ವೇದಿಕೆಯಿಂದ ಬುದ್ಧಿ ಹೇಳುವುದು ಸುಲಭ.

ಗುಟ್ಟಿನ ಮತಕ್ಕೆ ಇಷ್ಟು ಕಾವಲು ಹಾಕಿದ ಕಾನೂನೇ ಇನ್ನೊಂದು ಕಡೆ ಬಹಿರಂಗದ ಹಟ ಹಿಡಿಯುತ್ತದೆ. ಗದಗವನ್ನು ಮುದ್ರಣಕಾಶಿ ಎನ್ನುತ್ತಾರೆ. ಪುರಾಣ, ಪಠ್ಯಪುಸ್ತಕ, ನಾಟಕ, ಪಂಚಾಂಗ ಅಚ್ಚು ಹಾಕಿದ ಈ ಊರಿನ ಯಂತ್ರಗಳು ಚುನಾವಣೆಯಲ್ಲಿ ಕರಪತ್ರವನ್ನೂ ಉಗುಳುತ್ತವೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಪ್ರತಿ ಕರಪತ್ರದ ಮೇಲೂ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಅಡಿಯಲ್ಲಿ ಇರುವೆಸಾಲಿನಂತೆ ಅಚ್ಚಾದ ಆ ಅಕ್ಷರಗಳನ್ನು ನಾನು ತಪ್ಪದೆ ಓದುತ್ತೇನೆ. ಮತ ಬೇಡುವ ಮಾತು ಎಲ್ಲಿಂದ ಬಂತೆಂದು ತಿಳಿಯಲೇಬೇಕು, ಮತ ಎಲ್ಲಿಂದ ಬಂತೆಂದು ತಿಳಿಯಕೂಡದು. ಬಲವಿದ್ದವನನ್ನು ಬೆಳಕಿಗೆ ನಿಲ್ಲಿಸಿ ಬಲವಿಲ್ಲದವನಿಗೆ ಮರೆ ಕಟ್ಟಿದ್ದಾರೆ. ಪ್ರಶ್ನೆ ಈ ಎರಡರ ನಡುವೆ, ಅರ್ಧ ಬಿಸಿಲಿನಲ್ಲಿ ನಿಲ್ಲುತ್ತದೆ. ಕೇಳುವವನಿಗೆ ಮರೆಯಿಲ್ಲ.

ಮರೆ ಸಿಗುವುದು ಜೊತೆಯಲ್ಲಿ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಹಿಡಿಯಲು ಹೊರಟಾಗ ರೈತರು ಎದ್ದುನಿಂತರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಡೆದರು. ಸರ್ಕಾರ ಹಿಂದೆ ಸರಿಯಿತು. ಅಂದು ಒಬ್ಬ ರೈತನ ಹೆಸರು ಸಾವಿರ ಹೆಸರುಗಳ ನಡುವೆ ಇತ್ತು. ಭೂಮಿ ಹೋಗುವ ದಿನ ಬಂದಾಗ ಹೀಗೆ ಒಗ್ಗೂಡುವ ನಾವು, ಭೂಮಿ, ನೀರು, ಕಪ್ಪತಗುಡ್ಡಗಳ ಬಗ್ಗೆ ನಿರ್ಧಾರ ಮಾಡುವವರನ್ನು ಆರಿಸುವ ಎರಡು ವಾರಗಳಲ್ಲಿ ಬಿಡಿಬಿಡಿಯಾಗಿ, ನಮ್ಮ ನಮ್ಮ ಜಾತಿಯ ಮುಖಂಡರ ಹಿಂದೆ ಹಂಚಿಹೋಗುತ್ತೇವೆ. ಒಂದೇ ಓಣಿಯ ಬೇರೆ ಬೇರೆ ಪಕ್ಷದವರು, ನೀರಿನ ಪ್ರಶ್ನೆಯ ಮಟ್ಟಿಗೆ ಒಟ್ಟಾಗಿ, ಎಲ್ಲ ಕಚೇರಿಗಳಿಗೂ ಹೋದರೆ ಯಾರೂ ಯಾರ ಕಡೆಯವರೂ ಆಗುವುದಿಲ್ಲ. ಒಂದು ಕಚೇರಿಗೆ ಹೋದವನಿಗೆ ಹಣೆಪಟ್ಟಿ ಬೀಳುತ್ತದೆ. ಎಲ್ಲ ಕಚೇರಿಗೂ ಹೋದವನಿಗೆ ಹಣೆಪಟ್ಟಿ ಅಂಟಿಸುವುದು ಕಷ್ಟ. 2018ರಲ್ಲಿ ಗದಗ ಕ್ಷೇತ್ರದಲ್ಲಿ ಎಚ್.ಕೆ. ಪಾಟೀಲರು ಅನಿಲ ಮೆಣಸಿನಕಾಯಿ ಅವರ ಎದುರು ಗೆದ್ದದ್ದು ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ. ಹಾಗೆ ತೂಗುವ ತಕ್ಕಡಿಯಲ್ಲಿ ನಾಲ್ಕು ಓಣಿಗಳ ಮಾತನ್ನು ಯಾವ ಅಭ್ಯರ್ಥಿಯೂ ತಳ್ಳಿಹಾಕಲಾರ.

ಯಾರನ್ನು ಏನು ಕೇಳಬೇಕು ಎಂಬುದೂ ಸರಳವಲ್ಲ. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾದಾಗ ಮುಂಡರಗಿ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ತಾಲ್ಲೂಕು ಶಿರಹಟ್ಟಿ ಮತ್ತು ರೋಣಕ್ಕೆ ಹರಿದು ಹಂಚಿಹೋಯಿತು. ಮುಂಡರಗಿ ಪೇಟೆಯವನು ಒಬ್ಬ ಶಾಸಕನನ್ನು ಕೇಳಬೇಕು, ಡಂಬಳದವನು ಇನ್ನೊಬ್ಬನನ್ನು. ಲಕ್ಷ್ಮೇಶ್ವರದ ಮಂದಿ ಗದಗ-ಯಲವಿಗಿ ರೈಲು ಮಾರ್ಗದ ಕನಸನ್ನು ಎಷ್ಟೋ ವರ್ಷಗಳಿಂದ ಕಾಣುತ್ತಿದ್ದಾರೆ. ರೈಲು ಕೇಂದ್ರದ್ದು, ಆದರೂ ವಿಧಾನಸಭೆಯ ಅಭ್ಯರ್ಥಿಗಳು ಅದರ ಮಾತೆತ್ತುತ್ತಾರೆ. ಚರಂಡಿ ಶಾಸಕನ ಕೆಲಸವಲ್ಲ, ಆದರೂ ಅವನನ್ನೇ ಕೇಳುತ್ತೇವೆ. ಇದಕ್ಕೆ ಜನರನ್ನು ದೂಷಿಸಿ ಫಲವಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹತ್ತಿರದ ಬಾಗಿಲು ಮುಚ್ಚಿದಾಗ ಜನ ದೂರದ ಬಾಗಿಲನ್ನೇ ಬಡಿಯುತ್ತಾರೆ. ಕೈಗೆಟುಕುವ ಪ್ರತಿನಿಧಿಗಳನ್ನು ಇಲ್ಲವಾಗಿಸಿ, ಎಲ್ಲವನ್ನೂ ಒಬ್ಬ ಶಾಸಕನ ಹೆಗಲಿಗೆ ಕಟ್ಟಿದ್ದು ಪ್ರಶ್ನೆ ಕೇಳುವ ಅಭ್ಯಾಸಕ್ಕೇ ಬಿದ್ದ ದೊಡ್ಡ ಪೆಟ್ಟು ಎಂಬುದು ನನ್ನ ಖಚಿತ ಅಭಿಪ್ರಾಯ.

ಶಿರಹಟ್ಟಿಗೆ ಇನ್ನೊಂದು ಹೊರೆ ಇತ್ತು. ಅಲ್ಲಿ ಗೆದ್ದ ಪಕ್ಷದ್ದೇ ರಾಜ್ಯದಲ್ಲಿ ಸರ್ಕಾರ ಎಂಬ ನಂಬಿಕೆ ದಶಕಗಳ ಕಾಲ ನಡೆದುಬಂತು. ಮತ ಎಣಿಕೆಯ ದಿನ ರಾಜ್ಯವೆಲ್ಲ ಶಿರಹಟ್ಟಿಯ ಕಡೆ ನೋಡುತ್ತಿತ್ತು. 2023ರಲ್ಲಿ ಅಲ್ಲಿ ಬಿಜೆಪಿಯ ಡಾ. ಚಂದ್ರು ಲಮಾಣಿ ಗೆದ್ದರು, ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಆ ನಂಬಿಕೆ ಮುರಿದದ್ದಕ್ಕೆ ಬೇಸರಪಟ್ಟವರಿದ್ದಾರೆ. ನನಗೆ ಸಮಾಧಾನವೇ ಆಯಿತು. ಒಂದು ಕ್ಷೇತ್ರವನ್ನು ಶಕುನವೆಂದು ನೋಡಿದಾಗ ಅಲ್ಲಿಯ ಜನರ ಮತ ಭವಿಷ್ಯ ಹೇಳುವ ಹಲ್ಲಿಯ ಲೊಚಗುಟ್ಟುವಿಕೆಯಾಗುತ್ತದೆ. ಅಲ್ಲಿಯ ತಾಂಡಾಗಳಿಗೆ ಏನು ಬೇಕು, ಲಕ್ಷ್ಮೇಶ್ವರದ ಪೇಟೆಗೆ ಏನು ಬೇಕು ಎಂದು ಯಾರೂ ಕೇಳುವುದಿಲ್ಲ.

ಆ ಲಕ್ಷ್ಮೇಶ್ವರದಲ್ಲಿಯೇ, ಪುಲಿಗೆರೆಯೆಂದು ಹೆಸರಾಗಿದ್ದ ಕಾಲದ ಒಂದು ಕನ್ನಡ ಶಾಸನವಿದೆ. ಎಂಟನೆಯ ಶತಮಾನದ ಮೊದಲ ಭಾಗದ್ದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆ ಅದು. ಮನೆತನದ ಮಟ್ಟ ನೋಡಿ ತೆರಿಗೆ ಎಷ್ಟು, ದಂಡ ಯಾರಿಗೆ ಸೇರಬೇಕು ಎಂದು ಪ್ರಜೆಗಳ ಪಾಲನ್ನು ಬರೆದಂತೆಯೇ, ರಾಜಪುರುಷರು ಏನೇನನ್ನು ಕಾಯಬೇಕೆಂದೂ ಬರೆದಿದೆ. ವಾಸವಿಲ್ಲದ ಮನೆಗಳನ್ನು ಕಾಯುವುದೂ ಅದರಲ್ಲಿ ಒಂದು. ಅದನ್ನು ಪ್ರಜಾಪ್ರಭುತ್ವವೆಂದು ಹಿಗ್ಗಿಸಿ ಹೇಳಲಾರೆ. ಕೊಟ್ಟವನು ಯುವರಾಜ, ಪಡೆದವರಲ್ಲಿ ಎಲ್ಲರಿಗೂ ಸಮನಾದ ಮಾತಿರಲಿಲ್ಲ. ಆದರೂ ಆಳುವವರ ಮಾತು ಆಳಿಸಿಕೊಳ್ಳುವವರ ಕಣ್ಣೆದುರು, ಕಲ್ಲಿನ ಮೇಲೆ, ಅವರದೇ ಭಾಷೆಯಲ್ಲಿ ನಿಂತಿತ್ತು. ಬೇಕಾದವನು ಬೆರಳಿಟ್ಟು ತೋರಿಸಬಹುದಾಗಿತ್ತು.

ವಾಸವಿಲ್ಲದ ಮನೆಗಳು ಇಂದೂ ಇವೆ. ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಸುಗ್ಗಿ ಮುಗಿದರೆ ಬಾಗಿಲಿಗೆ ಬೀಗ. ದುಡಿಯುವ ವಯಸ್ಸಿನವರು ಗೋವಾ, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾರೆ. ಬೀಗ ಬೀಳದ ಮನೆಗಳಲ್ಲಿ ಮುದುಕರು, ಶಾಲೆಗೆ ಹೋಗುವ ಮಕ್ಕಳು. ಮತದಾನದ ಹಿಂದಿನ ರಾತ್ರಿ ದುಡಿಯಲು ಹೋದವರು ಬಸ್ಸಿಳಿಯುತ್ತಾರೆ, ಮರುದಿನ ರಾತ್ರಿ ಮತ್ತೆ ಹತ್ತುತ್ತಾರೆ. ಇವರ ಪಾಲಿಗೆ ಅಭ್ಯರ್ಥಿ ಎಂದರೆ ಟಿಕೆಟ್ಟಿನ ವ್ಯವಸ್ಥೆ ಮಾಡಿದ ಮನುಷ್ಯನೇ. ರೋಡ್ ಶೋ ಇವರು ನೋಡಿಲ್ಲ, ಮನೆಬಾಗಿಲ ನಮಸ್ಕಾರ ಇವರಿಗೆ ಸಿಕ್ಕಿಲ್ಲ. ಉದ್ಯೋಗ ಖಾತರಿಯ ಕೂಲಿ ಊರಲ್ಲೇ ಸಿಕ್ಕಿದ್ದರೆ ನಾವೇಕೆ ಹೋಗುತ್ತಿದ್ದೆವು ಎಂಬ ಪ್ರಶ್ನೆ, ಇಡೀ ಕ್ಷೇತ್ರದ ದೊಡ್ಡ ಪ್ರಶ್ನೆ, ಇವರ ಬಾಯಲ್ಲೇ ಉಳಿಯುತ್ತದೆ. ಪ್ರಮಾಣಪತ್ರದ ಆ ಸಂಖ್ಯೆಯನ್ನು ತಾಂಡಾದ ಕಾಲೇಜು ಹುಡುಗಿಯೊಬ್ಬಳು ತೆಗೆದು ಅಪ್ಪನಿಗೆ ಕಳಿಸಿದರೆ, ಆತ ಗೋವಾದ ಮಡಗಾಂವ್‌ನ ಕಟ್ಟಡವೊಂದರ ನೆರಳಲ್ಲಿ ನಿಂತು ಕೇಳಬಹುದು. ಎತ್ತುವವನು ಅಭ್ಯರ್ಥಿಯ ಆಪ್ತನೇ ಇರಲಿ, ‘ಬರಕೊಳ್ರಿ, ಅವರಿಗೆ ಹೇಳ್ರಿ, ನಾ ಮತ್ತ ಫೋನ್ ಮಾಡ್ತೀನಿ’ ಎನ್ನಬಹುದು. ಮತ್ತೆ ಮಾಡುತ್ತೇನೆ ಎಂಬ ಆ ಮಾತಿಗೆ ಮೊದಲ ಕರೆಗಿಂತ ಹೆಚ್ಚು ತೂಕ.

ಸೋಲುವವರನ್ನೂ ಕೇಳಬೇಕೇ ಎಂದು ಕೆಲವರು ಅನುಮಾನಿಸುತ್ತಾರೆ. ಗೆಲ್ಲುವ ಕುದುರೆ ಯಾವುದೆಂದು ಗೊತ್ತಾದ ಮೇಲೆ ಉಳಿದವರ ಕಚೇರಿ ಮೆಟ್ಟಿಲು ಏಕೆ ಸವೆಸಬೇಕು ಎಂಬುದು ಅವರ ವಾದ. ನಾನು ಅದಕ್ಕೆ ತಿರುಗಿ ಹೇಳುವುದು ಗದಗಿನ ಇತಿಹಾಸವನ್ನೇ. 2008ರಲ್ಲಿ ಶ್ರೀಶೈಲಪ್ಪ ಬಿದರೂರ ಗೆದ್ದು ಎಚ್.ಕೆ. ಪಾಟೀಲರು ಸೋತರು. 2013ರಲ್ಲಿ ಪಾಟೀಲರು ಗೆದ್ದು ಬಂದರು. ಸೋತವರು ಊರು ಬಿಟ್ಟು ಹೋಗುವುದಿಲ್ಲ. ನಗರಸಭೆಯ ಚುನಾವಣೆ, ಎಪಿಎಂಸಿ, ಸಹಕಾರ ಸಂಘ, ಧರಣಿ, ಪತ್ರಿಕಾಗೋಷ್ಠಿ ಎಲ್ಲೆಡೆ ಅವರೇ ಇರುತ್ತಾರೆ. ಏಪ್ರಿಲ್‌ನಲ್ಲಿ ನೀರಿನ ಬಗ್ಗೆ ಅವರ ಕೈಯಿಂದ ಬರೆಸಿಕೊಂಡ ಉತ್ತರ, ಜೂನ್‌ನಲ್ಲಿ ಅವರು ಗೆದ್ದವನನ್ನು ಕೇಳುವ ಪ್ರಶ್ನೆಯಾಗುತ್ತದೆ. ಗೆದ್ದವನ ಉತ್ತರ ಆಡಳಿತದ ಮೇಜಿಗೆ ಹೋಗಲಿ, ಸೋತವನ ಉತ್ತರ ಗೆದ್ದವನ ಮೇಲೆ ಕಾವಲು ಕೂರಲಿ. ನೂರಾರು ಮತವಷ್ಟೇ ಪಡೆದು ಠೇವಣಿ ಕಳೆದುಕೊಳ್ಳುವ ಪಕ್ಷೇತರನನ್ನೂ ಬಿಡಬಾರದು. ಅವನ ಬಳಿ ಕಾದು ಕೂತವರಿರುವುದಿಲ್ಲ, ಹಿಂಬಾಲಕ ಅಡ್ಡ ಬರುವುದಿಲ್ಲ. ನೀರಿನ ಪೈಪು ಎಲ್ಲಿ ಒಡೆದಿದೆ, ಯಾವ ಓಣಿಗೆ ಯಾವ ಟಾಕಿಯಿಂದ ನೀರು ಬರುತ್ತದೆ ಎಂದು ಅವನು ಕೂತು ಮಾತಾಡುತ್ತಾನೆ. ಅಲ್ಲಿ ತಿಳಿದದ್ದನ್ನು ಕಟ್ಟಿಕೊಂಡು ದೊಡ್ಡವರ ಕಚೇರಿಗೆ ಹೋದರೆ, ಪ್ರಶ್ನೆ ಮೊದಲಿಗಿಂತ ಮೊನಚಾಗಿರುತ್ತದೆ, ‘ಸಾಹೇಬ್ರಿಗೆ ಎಲ್ಲಾ ಗೊತ್ತೈತಿ’ ಎನ್ನುವವನಿಗೆ ಸಾಹೇಬರ ಪರವಾಗಿ ಉತ್ತರಿಸಲು ಆಗುವುದಿಲ್ಲ.